ನೀರಿನ ಮೇಲೆ ಉಳಿದ ತುಣುಕು

ಶುಕ್ರವಾರ ಸಂಜೆ ಆರೂವರೆಗೆ ಅವ್ವಣ್ಣ ಮತ್ತು ಮಾಂತು ಒಟ್ಟಿಗೇ ಮನೆಗೆ ಬಂದರು. ಇಬ್ಬರ ಉಗುರೂ ಗುಲಾಬಿ ಬಣ್ಣ. ಲ್ಯಾಬಿನ ಬಣ್ಣ ಸಾಬೂನಿಗೆ ಹೋಗುವುದಿಲ್ಲ. ಎರಡು ಸಾವಿರದ ಮೂರನೆಯ ಇಸವಿಯ ಜೂನ್ ತಿಂಗಳು, ಪುಣೆ ಹತ್ತಿರದ ನಿಗಡಿಯಲ್ಲಿ ಮಳೆ ಇನ್ನೂ ಹಿಡಿದಿರಲಿಲ್ಲ.

ಅವ್ವಣ್ಣನ ಹೆಂಡತಿ ಶಿವಕಾಂತಾ ಚಹಾ ಇಟ್ಟಳು. ಚುರುಮುರಿ ಸುಸಲಾ ಕಲಸಿ ಇಬ್ಬರ ಮುಂದೆ ಇಟ್ಟಳು.

"ಇವತ್ತ ಭಾಳ ದಣಿದೀರಿ," ಅಂದಳು.

"ನಿನ್ನೆ ಗುರುವಾರ, ಕರೆಂಟ್ ಇಲ್ಲ. ನಿನ್ನಿದೂ ಇವತ್ತಿಂದೂ ಕೂಡೇ ಬಂತು. ತೊಂಬತ್ತಾರು ಬ್ಲಾಕ್ ಕೊಯ್ದೀವಿ," ಅಂದ ಅವ್ವಣ್ಣ.

ಮಾಂತು ಶಿವಕಾಂತಾಳ ಬೆನ್ನಿಗೆ ಬಿದ್ದ ತಮ್ಮ. ಬಾಯಿ ತುಂಬ ಸುಸಲಾ ಇಟ್ಟುಕೊಂಡೇ ನಕ್ಕ. "ಅಕ್ಕಾ, ಭಾವ ಬರದ ಎಂಟು ನೋಡಿ ಡಾಕ್ಟರ್ ಇವತ್ತೂ ಕೇಳಿದ್ರು. ಅವ್ವಣ್ಣಾ, ಇದು ನಂಬರೋ, ಒಂದರ ಮ್ಯಾಲ ಒಂದು ಇಟ್ಟ ಲಾಡೂನೋ ಅಂತ."

"ಲಾಡೂ ಇರಲಿ ಮಗನ. ನಿನ್ನ ಎಂಟು ಬಾಯಿ ತಕ್ಕೊಂಡು ಕುಂತಿರ್ತದಲ್ಲ, ಗುಬ್ಬಿಮರಿ ಹಂಗ."

ಮಗಳು ರೇಣು ಬಿದ್ದು ಬಿದ್ದು ನಕ್ಕಳು. ಶಿವಕಾಂತಾಳೂ ನಕ್ಕಳು. ಆ ಮನೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಅದೇ ಕೊನೆ.

ಅವ್ವಣ್ಣ ಜೇವರಗಿ ಕಡೆಯವನು. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನು. ಲ್ಯಾಬಿನ ಕಟ್ಟಡ ಏಳುವಾಗ ಅದಕ್ಕೆ ಇಟ್ಟಿಗೆ ಹೊತ್ತ. ಕಟ್ಟಡ ಮುಗಿದ ಮೇಲೆ ಅಲ್ಲೇ ಕಸ ಹೊಡೆಯಲು ನಿಂತ. ಆಮೇಲೆ ಬರಣಿ ತೊಳೆದ. ಕೊಯ್ಯುವವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದಾಗ ಬಿಂದುಮಾಧವ ಡಾಕ್ಟರು, "ನೀ ಒಂದು ಕೈ ನೋಡೋ" ಅಂದರು. ಡಾಕ್ಟರು ಧಾರವಾಡದವರು, ಅವ್ವಣ್ಣನ ಜೊತೆ ಕನ್ನಡದಲ್ಲೇ ಮಾತು. ಅವ್ವಣ್ಣ ಕೂತ. ಅವನ ಕೈ ನಡುಗಲಿಲ್ಲ. ಆ ಕೆಲಸಕ್ಕೆ ಬೇಕಾದದ್ದು ಅದೊಂದೇ.

ಕೆಲಸವನ್ನು ಅವನು ಹೆಂಡತಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದ. ಆಪರೇಷನ್ನಿನಲ್ಲಿ ತೆಗೆದ ಮಾಂಸದ ಚೂರು ಫಾರ್ಮಾಲಿನ್ ಬರಣಿಯಲ್ಲಿ ಬರುತ್ತದೆ. ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಳಗಿನ ನೀರು ತೆಗೆದು ಮೇಣ ಕುಡಿಸಬೇಕು. ಮೇಣ ಗಟ್ಟಿಯಾದರೆ ಅದೇ ಬ್ಲಾಕ್, ಒಬ್ಬೊಬ್ಬರಿಗೆ ಒಂದೊಂದು. ಒಬ್ಬ ಯಂತ್ರದ ಮೇಲೆ ಕೂತು ಅದನ್ನು ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುತ್ತಾನೆ. ಇನ್ನೊಬ್ಬ ಬಿಸಿನೀರಿನ ತಟ್ಟೆಯ ಮುಂದೆ ಕೂರುತ್ತಾನೆ. ಕೊಯ್ದ ಪದರು ನೀರಿನ ಮೇಲೆ ಬಿದ್ದು ಸುಕ್ಕು ಬಿಡಿಸಿಕೊಳ್ಳುತ್ತದೆ. ಅದರ ಕೆಳಗೆ ಸ್ಲೈಡಿನ ಗಾಜು ತೂರಿಸಿ ಎತ್ತಿಕೊಳ್ಳಬೇಕು. ಎತ್ತಿಕೊಂಡವನೇ ಗಾಜಿನ ಒರಟು ತುದಿಯಲ್ಲಿ ಪೆನ್ಸಿಲ್ಲಿನಿಂದ ನಂಬರು ಬರೆಯಬೇಕು. ಪೆನ್ನಿನ ಶಾಯಿ ಸ್ಪಿರಿಟ್ಟಿಗೆ ಕರಗುತ್ತದೆ, ಪೆನ್ಸಿಲ್ ಕರಗುವುದಿಲ್ಲ. ಆಮೇಲೆ ನೀಲಿ ಬಣ್ಣ, ಆಮೇಲೆ ಗುಲಾಬಿ ಬಣ್ಣ. ಬಣ್ಣ ಬಿದ್ದ ಮೇಲೆಯೇ ಡಾಕ್ಟರ ಕಣ್ಣಿಗೆ ರೋಗ ಕಾಣುವುದು.

ಇನ್ನೊಂದು ಕಟ್ಟಳೆ ಇತ್ತು. ಒಬ್ಬರ ಬ್ಲಾಕ್ ಮುಗಿದ ಕೂಡಲೇ ಹಳೇ ಪೇಪರಿನ ಪಟ್ಟಿಯೊಂದನ್ನು ನೀರಿನ ಮೇಲೆ ಆ ದಂಡೆಯಿಂದ ಈ ದಂಡೆಗೆ ಎಳೆಯಬೇಕು. ಕಣ್ಣಿಗೆ ಕಾಣದ ತುಣುಕೇನಾದರೂ ಉಳಿದಿದ್ದರೆ ಪೇಪರಿಗೆ ಹತ್ತಿ ಬರುತ್ತದೆ. ಎಳೆಯದಿದ್ದರೆ ಒಬ್ಬರ ತುಣುಕು ಇನ್ನೊಬ್ಬರ ಗಾಜಿಗೆ ಹತ್ತುತ್ತದೆ, ಒಬ್ಬರ ರೋಗ ಇನ್ನೊಬ್ಬರ ಹೆಸರಿಗೆ ಬೀಳುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಅವ್ವಣ್ಣ ಒಂದು ಸಲವೂ ಇದನ್ನು ತಪ್ಪಿಸಿರಲಿಲ್ಲ. ಊಟಕ್ಕೆ ಏಳುವ ಮೊದಲೂ ಎಳೆದೇ ಏಳುತ್ತಿದ್ದ.

ಮಾಂತುವನ್ನು ಆ ಲ್ಯಾಬಿಗೆ ಸೇರಿಸಿದವಳು ಶಿವಕಾಂತಾ. ತೊಂಬತ್ತೇಳರಲ್ಲಿ ಅವನು ಊರಿಂದ ಬಂದು ಆರು ತಿಂಗಳು ಖಾಲಿ ತಿರುಗಿದ್ದ. "ಒಂದೇ ಟೇಬಲ್ಲಿಗೆ ಬೀಗರು ಬ್ಯಾಡ ಬಿಡು," ಅಂದಿದ್ದ ಅವ್ವಣ್ಣ. ಅವಳು ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಅವನು ಮಾಂತುವಿನ ಕೈ ಹಿಡಿದು ಕರೆದುಕೊಂಡು ಹೋದ. ಬ್ಲೇಡ್ ಹಿಡಿಯುವುದರಿಂದ ಮೊದಲುಗೊಂಡು ಎಲ್ಲವನ್ನೂ ಕಲಿಸಿದ. ಮಾಂತು ಹತ್ತನೆಯ ಇಯತ್ತೆ ಪಾಸಾದವನು, ಬೇಗ ಕಲಿತ. ಅಕ್ಕನ ಮನೆಯಲ್ಲೇ ಉಂಡ, ಮಲಗಿದ. ರೇಣುವನ್ನು ಹೆಗಲ ಮೇಲೆ ಹೊತ್ತ.

ಜುಲೈ ಮುಗಿಯುತ್ತಾ ಬಂದಿತ್ತು. ಡಾಕ್ಟರು ಅವ್ವಣ್ಣನನ್ನು ಒಳಗೆ ಕರೆದು ಒಂದು ಬ್ಲಾಕ್ ಕೊಟ್ಟರು. ನಂಬರು 1188. "ಇದನ್ನ ಮತ್ತ ಕೊಯ್ದು ಬಣ್ಣಾ ಹಾಕಿ ಕೊಡು."

ಕೊಯ್ದು ಕೊಟ್ಟ. ಡಾಕ್ಟರು ನೋಡಿದರು. ಮೊದಲ ಗಾಜಿನಲ್ಲಿ ಕ್ಯಾನ್ಸರ್ ಇತ್ತು. ಈಗಿನ ಗಾಜಿನಲ್ಲಿ ಇಲ್ಲ.

ಆ ಬ್ಲಾಕ್ ತಳೇಗಾಂವ ದಾಭಾಡೆಯ ಸಾವಿತ್ರಿಬಾಯಿ ಎಂಬ ಹೆಂಗಸಿನದು. ಮೊದಲ ಗಾಜಿನ ಮಾತು ನಂಬಿ ಆಕೆಯ ಒಂದು ಮೊಲೆ ಪೂರ್ತಿ ತೆಗೆದಿದ್ದರು. ತೆಗೆದ ಮೊಲೆಯನ್ನು ಎಷ್ಟು ಕೊಯ್ದರೂ ರೋಗ ಸಿಗಲಿಲ್ಲ. ರೋಗ ಇದ್ದದ್ದು ಬೇರೆ ಯಾರದೋ ತುಣುಕಿನಲ್ಲಿ. ಅದು ನೀರಿನ ಮೇಲೆ ಉಳಿದು ಸಾವಿತ್ರಿಬಾಯಿಯ ಗಾಜಿಗೆ ಹತ್ತಿತ್ತು.

ಡಾಕ್ಟರು ಎಲ್ಲರನ್ನೂ ನಿಲ್ಲಿಸಿ ಕೇಳಿದರು. "ತೊಂಬತ್ತಾರು ಬ್ಲಾಕ್ ಕೊಯ್ದ ಆ ಶುಕ್ರವಾರ, ಇದನ್ನ ಕೊಯ್ಯುವಾಗ ನೀರಿನ ಮುಂದ ಯಾರಿದ್ರಿ?"

ಅವ್ವಣ್ಣ ಮತ್ತು ಮಾಂತು ದಿನಕ್ಕೆ ನಾಲ್ಕು ಸಲ ಜಾಗ ಬದಲಿಸುತ್ತಿದ್ದರು. ಅವ್ವಣ್ಣನಿಗೆ ನೆನಪಾಗಲಿಲ್ಲ. ಅವನು ಮಾಂತುವಿನ ಕಡೆ ನೋಡಿದ. ಮಾಂತು ನೆಲ ನೋಡುತ್ತಾ, "ಭಾವ ಇದ್ರು ಸರ್," ಅಂದ. ಮಾಂತುವಿನ ನೌಕರಿ ಆ ತಿಂಗಳು ಪರ್ಮನೆಂಟ್ ಆಗುವುದಿತ್ತು.

ಮನೆಗೆ ಬಂದು ಅವ್ವಣ್ಣ ಚಹಾ ಮುಟ್ಟಲಿಲ್ಲ. ಶಿವಕಾಂತಾಳ ಎದುರಿಗೇ ಕೇಳಿದ. "ಮಾಂತ್ಯಾ, ಖರೇ ಹೇಳು. ಆ ಹೊತ್ತಿನಾಗ ನಾ ಇದ್ನೇನು? ಪೇಪರ್ ಎಳೀಲಾರದ ನಾ ಹೆಂಗ ಬಿಟ್ಟೇನಿ?"

"ನೀವೇ ಇದ್ರಿ ಭಾವಾ. ನಾ ಯಂತ್ರದ ಮ್ಯಾಲಿದ್ನಿ. ಅವತ್ತ ಗಡಿಬಿಡಿ ಭಾಳ ಇತ್ತಲ್ಲ, ನಿಮಗ ಲಕ್ಷ್ಯ ಇರಲಿಕ್ಕಿಲ್ಲ."

ಅವ್ವಣ್ಣ ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡ. ಶಿವಕಾಂತಾಳ ಬಾಯಿ ತಡೆಯಲಿಲ್ಲ. "ಕಣ್ಣು ಎಲ್ಲಿ ಇಟ್ಟಿದ್ರಿ? ಅದು ಒಂದು ಹೆಂಗಸಿನ ಮೈ ರೀ!"

ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ಡಾಕ್ಟರು ಸಾವಿತ್ರಿಬಾಯಿಯ ಮನೆಯವರ ಜೊತೆ ಒಳಗೊಳಗೇ ಮಾತು ಮುಗಿಸಿಕೊಂಡರು. ಗಾಜನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದರು. ಅವ್ವಣ್ಣನನ್ನು ಟೇಬಲ್ಲಿನಿಂದ ಎಬ್ಬಿಸಿ ಮತ್ತೆ ಬರಣಿ ತೊಳೆಯಲು ಹಾಕಿದರು. ಮಾಂತು ಅವನ ಕುರ್ಚಿಯಲ್ಲಿ ಕೂತ.

ಒಂದು ರವಿವಾರ ಅವ್ವಣ್ಣ, "ತಳೇಗಾಂವಕ್ಕ ಹೋಗಿ ಬರೂಣು ನಡಿ," ಅಂದ. ಗಂಡ ಹೆಂಡತಿ ಲೋಕಲ್ ರೈಲು ಹಿಡಿದು ಹೋದರು. ಸಾವಿತ್ರಿಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವ್ವಣ್ಣ ದೂರದಲ್ಲೇ ನೆಲಕ್ಕೆ ಹಣೆ ಹಚ್ಚಿದ. ತನ್ನ ಕೈಯಿಂದಲೇ ಆಯಿತು ಎಂದು ಮರಾಠಿಯಲ್ಲಿ ಹೇಳಿದ.

ಆಕೆ ಬೈಯಲಿಲ್ಲ. ಸೆರಗು ಎಳೆದುಕೊಂಡಳು. "ಡಾಕ್ಟರ ಬರಲಿಲ್ಲ. ನೀ ಬಂದಿ," ಅಂದಳು. ಮೊರ ಕೆಳಗಿಟ್ಟು ಕೇಳಿದಳು, "ಆ ತುಣುಕು ಯಾರದಿತ್ತು? ಆಕಿಗರೆ ತನ್ನ ರೋಗ ಗೊತ್ತಾತೇನು?"

"ಗೊತ್ತಾಗೇದ ತಾಯಿ. ಆಕಿಗೆ ಔಷಧ ನಡದದ."

"ಹಂಗಾರ ಚಲೋ ಆತು," ಅಂದು ಆಕೆ ಮತ್ತೆ ಮೊರ ಎತ್ತಿಕೊಂಡಳು.

ಬರುವಾಗ ಗಾಡಿಯಲ್ಲಿ ಅವ್ವಣ್ಣ ಅತ್ತ. ಮೂವತ್ತು ಜನರ ನಡುವೆ, ಕಿಟಕಿಗೆ ಮುಖ ಮಾಡಿ. ಶಿವಕಾಂತಾ ಅವನನ್ನು ಮುಟ್ಟಲಿಲ್ಲ. ಅವಳಿಗೆ ಆಗಲೂ ಅವನ ಮೇಲೆ ಸಿಟ್ಟು.

ಮರುವರ್ಷದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಬರಣಿ ತೊಳೆಯುವ ಕಟ್ಟೆಯ ಬಳಿ ಅವನು ಕುಸಿದ. ದವಾಖಾನೆ ಮುಟ್ಟುವುದರೊಳಗೆ ಎದೆ ನಿಂತಿತ್ತು. ಐವತ್ತು ತುಂಬಿರಲಿಲ್ಲ. ಲಿಂಗಾಯತರ ರೂಢಿಯಂತೆ ಕುಳ್ಳಿರಿಸಿ ಮಣ್ಣು ಮಾಡಿದರು. ಮಾಂತು ಕುಣಿಯೊಳಗೆ ಇಳಿದು ಭಾವನ ತಲೆ ಬಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. ನೋಡಿದವರೆಲ್ಲ, ಹೆತ್ತ ಮಗನೂ ಇಷ್ಟು ಮಾಡಲಿಕ್ಕಿಲ್ಲ ಅಂದರು. ಶಿವಕಾಂತಾಳೂ ಹಾಗೇ ಅಂದುಕೊಂಡಳು.

ತಿಂಗಳೊಪ್ಪತ್ತಿಗೆ ಏಕನಾಥ ಬಂದ. ಲ್ಯಾಬಿನಲ್ಲಿ ಹಳೇ ಗಾಜುಗಳನ್ನು ಜೋಡಿಸಿ ಇಡುವವನು, ಸೊಲ್ಲಾಪುರದವನು, ಕನ್ನಡ ಬರುತ್ತಿತ್ತು. ಮಾಂತು ಕೆಲಸಕ್ಕೆ ಹೋದ ಹೊತ್ತು ನೋಡಿಯೇ ಬಂದಿದ್ದ. ನೀರು ಕೊಟ್ಟರೆ ಕುಡಿಯಲಿಲ್ಲ. ಅಂಗಿಯ ಕಿಸೆಯಿಂದ ಕಾಗದ ಸುತ್ತಿದ ಒಂದು ಗಾಜು ತೆಗೆದ.

"ವಹಿನಿ, ಡಾಕ್ಟರು ಕೀಲಿ ಕೊಟ್ಟು ಬೀರು ಝಾಡಿಸು ಅಂದ್ರು, ಆಗ ಸಿಕ್ತು. ಇದ ನೋಡ್ರಿ ಆ ಗಾಜು. ಸಂಜಿಗೆ ತಿರುಗಿ ಇಡಬೇಕು. ನೀವು ಒಮ್ಮೆ ನಂಬರ್ ನೋಡ್ರಿ."

ಶಿವಕಾಂತಾ ನಾಲ್ಕನೆಯ ಇಯತ್ತೆ ಕಲಿತವಳು. ಅಂಕಿ ಬರುತ್ತಿತ್ತು. ಗಾಜನ್ನು ಬಾಗಿಲ ಬೆಳಕಿಗೆ ಹಿಡಿದಳು. ನಡುವೆ ಗುಲಾಬಿ ಕಲೆಗಳು. ತುದಿಯಲ್ಲಿ ಪೆನ್ಸಿಲ್ಲಿನ ನಂಬರು. ಎರಡು ಒಂದು, ಎರಡು ಎಂಟು. ಎರಡೂ ಎಂಟು ಮೇಲೆ ಬಾಯಿ ತೆರೆದುಕೊಂಡಿದ್ದವು.

ಗೋಡೆಯ ಕ್ಯಾಲೆಂಡರಿನಲ್ಲಿ ಗಂಡ ಸಿಲಿಂಡರ್ ಬಂದ ತಾರೀಖು ಬರೆದದ್ದು ಇನ್ನೂ ಇತ್ತು. ಅಲ್ಲಿಯೂ ಒಂದು ಎಂಟು. ಎರಡು ಸೊನ್ನೆ, ಒಂದರ ಮೇಲೊಂದು. ನೋಡಿದಳು. ಮತ್ತೆ ಗಾಜು ನೋಡಿದಳು.

"ನೀರಿನ ಮುಂದ ಕುಂತಾವನ ಬರೀಬೇಕಲ್ಲ?" ಅಂದಳು.

"ಹೌದ್ರಿ. ಬ್ಯಾರೇದಾವ್ರು ಬರಿಯೂದಿಲ್ಲ."

"ನೀ ಇದನ್ನ ಎಂದ ನೋಡಿದಿ?"

ಏಕನಾಥ ಚಪ್ಪಲಿ ಹುಡುಕತೊಡಗಿದ. "ಜುಲೈದಾಗೇ ನೋಡಿದ್ನಿ. ನಂದೂ ಹೊಟ್ಟಿ ಅದರಿ ವಹಿನಿ."

"ನಿನ್ನ ಹೊಟ್ಟಿ ತಣ್ಣಗಿರಲಿ. ನಡಿ ಇನ್ನ," ಅಂದಳು.

ಮಾಂತು ಸಂಜೆ ಬಂದ. ಅವಳು ಹೊಸ್ತಿಲಲ್ಲೇ ತಡೆದಳು.

"ಸಾವಿತ್ರಿಬಾಯಿ ಗಾಜಿನ ಮ್ಯಾಲ ಎಂಟು ಯಾರು ಬರದಾರೋ?"

ಮಾಂತು ಹೊಸ್ತಿಲ ಹೊರಗೇ ನಿಂತ. ಗಾಜು ಎಲ್ಲಿ ಸಿಕ್ಕಿತು ಎಂದೂ ಕೇಳಲಿಲ್ಲ. "ಅಕ್ಕಾ, ಮೊದಲ ನಂಗೂ ನೆನಪಿದ್ದಿಲ್ಲ. ಡಾಕ್ಟರ ಕೇಳಿದಾಗ ನೆನಪಾತು. ಬಾಯಿಂದ ಹಂಗ ಬಂದುಬಿಡ್ತು."

"ಅಲ್ಲಿ ಬಂತು. ಮನ್ಯಾಗ ಅವ್ರು ಕೇಳಿದಾಗ?"

ಮಾಂತು ಉಗುರಿನ ಗುಲಾಬಿ ಬಣ್ಣ ಕೆರೆಯತೊಡಗಿದ.

"ಎಷ್ಟು ಸಲ ಕೇಳಿದ್ರು?"

"ಎರಡ್ ಸಲ. ದೀಪಾವಳ್ಯಾಗ ಮತ್ತೊಮ್ಮೆ ಕೇಳಿದ್ರು. ಮಾಂತ್ಯಾ, ಖರೇನ ನಾನೇನೋ ಅಂತ."

"ನೀ ಏನಂದಿ?"

"ನೀವೇ ಅಂದ್ನಿ."

ಅವಳು ಅವನ ಕೆನ್ನೆಗೆ ಹೊಡೆದಳು. ಇನ್ನೊಂದು ಹೊಡೆಯಲು ಎತ್ತಿದ ಕೈಯನ್ನು ಕೆಳಗಿಳಿಸಿದಳು. "ಕುಣಿಯೊಳಗ ಇಳದು ತಲಿ ಹಿಡದ್ಯಲ್ಲೋ. ಆಗರೆ ಕಿವ್ಯಾಗ ಹೇಳಬಾರದೇನೋ ಭಾಡ್ಯಾ? ನಂದು ಇತ್ತು ಅಂತ?"

ಮಾಂತು ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಕ್ಕಿದ. ಅವಳು ಒಳಗೆ ಹೋದಳು. ಅವನನ್ನು ಲ್ಯಾಬಿಗೆ ಸೇರಿಸಲು ತಾನು ಮೂರು ದಿನ ಮಾತು ಬಿಟ್ಟದ್ದು ನೆನಪಾಯಿತು. ಆ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೋ ತಿಳಿಯಲಿಲ್ಲ.

ಮರುದಿನ ಲ್ಯಾಬಿಗೆ ಹೋದಳು. ಬಿಂದುಮಾಧವ ಡಾಕ್ಟರು ಕೂಡಿಸಿ ಚಹಾ ತರಿಸಿದರು.

"ತಪ್ಪು ಅವರದಲ್ಲ ಅಂತ ಬರದು ಕೊಡ್ರಿ ಸಾಹೇಬ್ರ. ಒಂದು ಕಾಗದ. ಮತ್ತೇನೂ ಬ್ಯಾಡ."

"ಅವ್ವಣ್ಣ ತಾನೇ ಒಪ್ಪಿಕೊಂಡಿದ್ದನಲ್ಲ ತಂಗಿ."

"ಆ ಎಂಟು ಅವರದಲ್ಲ. ಅವರ ಎಂಟು ನೋಡಿ ಲಾಡೂ ಅಂತ ನೀವ ನಗತಿದ್ರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಆಗ ಅವಳಿಗೆ ತಿಳಿಯಿತು. ಇವರಿಗೂ ಗೊತ್ತಿತ್ತು. ಜುಲೈ ತಿಂಗಳಿನಲ್ಲೇ ಗೊತ್ತಿತ್ತು. ಇನ್ನು ಇಪ್ಪತ್ತು ವರ್ಷ ದುಡಿಯುವವನನ್ನು ಇಟ್ಟುಕೊಂಡು, ಐವತ್ತರ ಹತ್ತಿರ ಬಂದವನನ್ನು ಎಬ್ಬಿಸಿದ್ದರು.

"ಇಬ್ಬರೂ ಒಂದೇ ಮನಿಯವರು," ಅಂದರು ಡಾಕ್ಟರು. "ಮಾಂತುನ ನೌಕರಿ ಹೋದರ ನಿಮ್ಮನ್ನ ಯಾರು ನೋಡ್ತಾರ? ಹುಡುಗಿ ಸಾಲಿಗೆ ಹೋಗ್ತದಲ್ಲ? ವಿಚಾರ ಮಾಡ್ರಿ."

ಅವಳು ಚಹಾ ಕುಡಿಯದೆ ಎದ್ದಳು. ಲೋಕಲ್ ಹಿಡಿದು ನೆಟ್ಟಗೆ ತಳೇಗಾಂವಕ್ಕೆ ಹೋದಳು. ಸಾವಿತ್ರಿಬಾಯಿ ಅವಳ ಬೋಳು ಹಣೆ ನೋಡಿ ಒಳಗೆ ಕರೆದಳು.

"ಅವತ್ತ ಬಂದಿದ್ರಲ್ಲ, ಅವರ ಕೈಯಿಂದ ಆಗಿದ್ದಿಲ್ಲ. ನನ್ನ ತಮ್ಮನ ಕೈಯಿಂದ ಆಗೇದ. ಅವರಿಗೆ ಕಡೀತನಾ ಗೊತ್ತಾಗಲಿಲ್ಲ." ಬರುವ ಮರಾಠಿಯಲ್ಲಿ ಇಷ್ಟೇ ಹೇಳಿದಳು.

ಸಾವಿತ್ರಿಬಾಯಿ ಅವಳ ಮುಂದೆ ನೀರಿನ ತಂಬಿಗೆ ಇಟ್ಟಳು. "ತನ್ನದಲ್ಲದ್ದಕ್ಕ ಹಣಿ ಹಚ್ಚಿ ಹೋದ," ಅಂದಳು. "ನೀ ನನಗ್ಯಾಕ ಹೇಳಾಕ ಬಂದಿ?"

"ಇನ್ನ್ಯಾರಿಗೆ ಹೇಳಲಿ?"

ತಮ್ಮನನ್ನು ಮನೆಯಿಂದ ಹೊರಗೆ ಹಾಕಬೇಕೆಂದು ಶಿವಕಾಂತಾ ಎಷ್ಟೋ ಸಲ ಅಂದುಕೊಂಡಳು. ಹಾಕಲಿಲ್ಲ, ಅವನ ಹಾಸಿಗೆ ಮಾತ್ರ ಹೊರಗಿನ ಪಡಸಾಲೆಗೆ ಹೋಯಿತು. ರೇಣುವಿನ ಶಾಲೆ, ಮನೆಯ ಬಾಡಿಗೆ, ಎಲ್ಲ ಅವನ ಪಗಾರದ ಮೇಲೆ. ಡಾಕ್ಟರು ಅಂದದ್ದೇ ಖರೆಯಾಯಿತು, ಅದೇ ಅವಳಿಗೆ ಎಲ್ಲಕ್ಕಿಂತ ಉರಿ. ಅವಳು ಅವನ ಜೊತೆ ಮಾತು ಬಿಟ್ಟು ಈಗ ಐದು ವರ್ಷ. ಈ ಸಲ ನಾಲ್ಕನೆಯ ದಿನಕ್ಕೆ ಮುಗಿಯಲಿಲ್ಲ.

ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ನೀರು ಕುದಿಸಿ ಹಿಟ್ಟು ನಾದುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಎರಡು ರೇಣುವಿಗೆ. ಮೂರು ರೊಟ್ಟಿ, ಪಲ್ಯ, ಮೇಲೆ ಒಂದಿಷ್ಟು ಶೇಂಗಾ ಹಿಂಡಿ ಇನ್ನೊಂದು ಡಬ್ಬಿಗೆ. ಅದನ್ನು ತಮ್ಮನ ಕೈಗೆ ಕೊಡುವುದಿಲ್ಲ. ಬಾಗಿಲ ಹೊರಗೆ ಮೀಟರ್ ಪೆಟ್ಟಿಗೆಯ ಮೇಲೆ ಇಟ್ಟು ಒಳಗೆ ಬಂದು ಕದ ಹಾಕಿಕೊಳ್ಳುತ್ತಾಳೆ. ಅವನು ಅದನ್ನು ಎತ್ತಿಕೊಂಡು ಹೋದ ಸಪ್ಪಳ ಕೇಳಿದ ಮೇಲೆ ಒಲೆ ಆರಿಸುತ್ತಾಳೆ.