ಮಾವ ಆಡಿದ ಫುಟ್‌ಬಾಲ್

ಮೈಸೂರಿನ ಶ್ರೀಜಾ ಅಮೆರಿಕದ ಟೆಕ್ಸಸ್‌ನಲ್ಲಿರುವ ರೌಂಡ್ ರಾಕ್ ಊರಿನ ಗ್ಯಾರಿಯನ್ನು ಮದುವೆಯಾದವಳು. ಅವನ ತಂದೆ ವೆಂಡೆಲ್‌ರನ್ನು ಮೊದಲ ದಿನದಿಂದಲೂ ‘ಮಾವ’ ಎಂದೇ ಕರೆದಳು. ಅರವತ್ತರ ದಶಕದಲ್ಲಿ ಹ್ಯೂಸ್ಟನ್‌ನಲ್ಲಿ, ಆಮೇಲೆ ಡಲ್ಲಾಸ್‌ನ ಒಂದು ಸಣ್ಣ ಕ್ಲಬ್ಬಿನಲ್ಲಿ ಸಂಬಳಕ್ಕೆ ಅಮೆರಿಕನ್ ಫುಟ್‌ಬಾಲ್ ಆಡಿದವರು ಮಾವ. ಚೆಂಡು ಅವರ ಕೈಗೆ ಬಂದದ್ದೇ ಅಪರೂಪ. ಎದುರಾಳಿಗೆ ತಲೆಯಿಂದಲೇ ಡಿಕ್ಕಿ ಕೊಟ್ಟು, ಚೆಂಡು ಹಿಡಿದವನಿಗೆ ದಾರಿ ಬಿಡಿಸುವುದು ಅವರ ಕೆಲಸ. ಸೀಸನ್ ಮುಗಿದರೆ ಸಿಮೆಂಟ್ ಮೂಟೆ ಹೊರುತ್ತಿದ್ದರು.

2014ರ ಹೊತ್ತಿಗೆ ಮಾವನಿಗೆ ಬಾತ್‌ರೂಮಿನ ದಾರಿಯೂ ಮರೆಯತೊಡಗಿತ್ತು. ಮುಪ್ಪು ಅಷ್ಟೇ ಎಂದು ಗ್ಯಾರಿ ತಳ್ಳಿಹಾಕುತ್ತಿದ್ದ. ಮುಪ್ಪಂತೆ, ಮಣ್ಣಂತೆ! ಶ್ರೀಜಾಗೆ ಮೈಯೆಲ್ಲ ಉರಿಯುತ್ತಿತ್ತು. ಹಿಂದೊಮ್ಮೆ ಮಾವನೇ ನಗುನಗುತ್ತ ಹೇಳಿದ್ದರು: ತಲೆಗೆ ಏಟು ಬಿದ್ದು ಕಣ್ಣು ಕತ್ತಲಿಟ್ಟರೆ ಕೋಚ್‌ನ ಸಹಾಯಕ ಓಡಿಬಂದು, ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಿದ್ದನಂತೆ. ಅವನು ತೋರಿಸುತ್ತಿದ್ದುದು ಯಾವಾಗಲೂ ಎರಡೇ. ತಂಡಕ್ಕೆಲ್ಲ ಅದು ಗೊತ್ತು. ಎರಡು ಎಂದವನು ಮತ್ತೆ ಆಟಕ್ಕೆ. ಕಣ್ಣು ಕಾಣದವನೂ ಪಾಸಾಗುವ ಪರೀಕ್ಷೆ ಅದು.

ಆಟದಲ್ಲಿ ಪೆಟ್ಟಾದ ಹಳಬರಿಗೆಂದು ಡಲ್ಲಾಸ್‌ನ ಆ ಕ್ಲಬ್ಬೇ ಒಂದು ಆರೈಕೆ ಕೇಂದ್ರ ನಡೆಸುತ್ತಿತ್ತು. ಮಾವನನ್ನು ಅಲ್ಲಿ ಸೇರಿಸಿಕೊಳ್ಳಿ ಎಂದು ಶ್ರೀಜಾ ತಿಂಗಳುಗಟ್ಟಲೆ ಫೋನಿಗೆ ಜೋತುಬಿದ್ದಳು. ಅವರ ತಲೆಗೆ ಏಟಾದದ್ದೇ ಇಲ್ಲ, ಪ್ರತಿ ಸಲವೂ ಎದ್ದು ಆಡಿದ್ದಾರಲ್ಲ ಎಂಬ ಒಂದೇ ಉತ್ತರ. ಹಾಗೆಂದ ನಾಲಿಗೆಯಲ್ಲೇ, ಹಳಬರಿಗೆ ಸನ್ಮಾನವಿದೆ, ಕರೆದುಕೊಂಡು ಬನ್ನಿ ಎಂದರು. ಗ್ಯಾರಿ ಹಿಗ್ಗಿ ಹೀರೇಕಾಯಿಯಾದ. ಕನ್ನಡ ಸಂಘದ ವಿಜಯಾ ಆಂಟಿ ಫೋಟೋ ಕಳಿಸು ಎಂದರು. ಕ್ಲಬ್ಬಿನ ಅಧ್ಯಕ್ಷನನ್ನು ಮುಖಕ್ಕೇ ಕೇಳಿಬಿಡಬೇಕೆಂದು ಶ್ರೀಜಾ ಹಲ್ಲು ಕಚ್ಚಿಕೊಂಡು ಹೊರಟಳು.

ಡಲ್ಲಾಸ್‌ನ ಹೋಟೆಲಿನಲ್ಲಿ ಊಟದ ನಡುವೆ ದೊಡ್ಡ ತೆರೆಯ ಮೇಲೆ ಹಳೆಯ ಆಟ ಹಾಕಿದರು. ಇಪ್ಪತ್ತರ ಹರೆಯದ ಮಾವ ತಲೆ ಕೊಟ್ಟು ನುಗ್ಗಿ, ಬಿದ್ದು, ಅಲ್ಲಾಡದೆ ಮಲಗಿದರು. ಯಾರೋ ಎಬ್ಬಿಸಿದರು. ಎದ್ದವರು ತಡವರಿಸುತ್ತ ಎದುರು ತಂಡದ ಕಡೆಗೇ ನಡೆದರು. ಊಟಕ್ಕೆ ಕೂತಿದ್ದ ಜನ ಬಿದ್ದುಬಿದ್ದು ನಕ್ಕರು.

ಪಕ್ಕದಲ್ಲೇ ನಿಂತಿದ್ದ ಅಧ್ಯಕ್ಷನತ್ತ ಶ್ರೀಜಾ ತಿರುಗಿದಳು. “ಏಟೇ ಬಿದ್ದಿಲ್ಲ ಅಂದ್ರಲ್ಲ. ಇದೇನು ಮತ್ತೆ?”

ಆಗಿನವರು ಗಟ್ಟಿಗರು ಎಂದು ಅವನು ಚಪ್ಪಾಳೆ ತಟ್ಟತೊಡಗಿದ. ಇಡೀ ಸಭೆಯೇ ತಟ್ಟಿತು. ಗ್ಯಾರಿಯೂ ತಟ್ಟಿದ.

ಮಾವ ಮೇಜು ಗುದ್ದಿ ಎದ್ದು ತೆರೆಯತ್ತ ಕೈ ತೋರಿಸಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ಶ್ರೀಜಾ ಎಂದೂ ಕಂಡಿರಲಿಲ್ಲ. “ಆ ಹುಡುಗನ್ನ ಹೊರಗೆ ಕರ್ಕೊಂಡ್ ಬನ್ನಿ. ಅವನಿಗೆ ಏನೋ ಆಗಿದೆ, ಕಾಣಲ್ವಾ ನಿಮಗೆ?” ಎಂದವರು ಗ್ಯಾರಿಯ ಕಡೆ ತಿರುಗಿದರು. “ಪಾಪ, ಅವನಿಗೆ ಅಪ್ಪ ಅಮ್ಮ ಯಾರೂ ಇಲ್ವೇನೋ.”

ಗ್ಯಾರಿಯ ಕೈ ನಿಂತಿತು. ಅಧ್ಯಕ್ಷ ತಟ್ಟುತ್ತಲೇ ಇದ್ದ.