ಗುಡ್ಡವನ್ನು ಸೊಂಟದೆತ್ತರಕ್ಕೆ ತಂದ ಉನೈಸಿ

ಬೆಳಗಿನ ಐದೂವರೆ. ಹೊತ್ತು ಹುಟ್ಟುವ ಮೊದಲೇ ಮೈಯೆಲ್ಲ ಅಂಟಂಟು. ಚರ್ಚಿನ ಹಿಂದಿನ ಓಣಿಯಲ್ಲಿ ಎರಡು ಬಕೆಟ್ ನೀರು ಹಿಡಿದು ಉನೈಸಿ ಬರುತ್ತಿದ್ದಾರೆ. ಮೊದಲ ಮನೆಯ ಅಂಗಳದಲ್ಲಿ ಒಂದು ಹಳೇ ಫ್ರಿಜ್ಜು ಸಿಮೆಂಟ್ ಇಟ್ಟಿಗೆಗಳ ಮೇಲೆ ಅಂಗಾತ ಮಲಗಿದೆ. ಬಾಗಿಲು ಕಿತ್ತ ಅದರ ಹೊಟ್ಟೆ ತುಂಬ ಹರಿವೆ ಸೊಪ್ಪು. ಪಕ್ಕದ ಕುರ್ಚಿಯಲ್ಲಿ ಎಂಬತ್ತೊಂದರ ಅಜ್ಜಿ ಆಗಲೇ ಕೈ ಚಾಚಿ ಕೂತಿದ್ದಾರೆ.

"ಮೊದಲು ನೀವು ಕುಡೀರಿ ಬುಬು, ಆಮೇಲೆ ಗಿಡ."

"ನಂಗೆ ಬಾಯಾರಿಲ್ಲ ಕಣೇ."

"ಈ ಹರಿವೇನೂ ಹಾಗೇ ಅಂತಿತ್ತು. ನಿನ್ನೆ ಮಧ್ಯಾಹ್ನ ಹೆಂಗೆ ಜೋತುಬಿದ್ದಿತ್ತು, ನೋಡಿದ್ರಲ್ಲ?"

ಅಜ್ಜಿ ಗೊಣಗುತ್ತಲೇ ಲೋಟ ಎತ್ತುತ್ತಾರೆ. ಊರಿನ ಅಜ್ಜಿಯರನ್ನೆಲ್ಲ ಬುಬು ಎನ್ನುವುದು ನಮ್ಮ ಫಿಜಿಯ ರೂಢಿ. ಆದರೆ ಬುಬುಗಳನ್ನು ಹೀಗೆ ಗದರಿಸುವ ಧೈರ್ಯ ಈ ಊರಲ್ಲಿ ಉನೈಸಿಗೆ ಮಾತ್ರ ಇದೆ.

ಉನೈಸಿಗೆ ಈಗ ಐವತ್ತೆಂಟು. ಹನ್ನೊಂದು ಮನೆ, ಹದಿಮೂರು ಮಂದಿ ಹಿರಿಯರು, ಇಪ್ಪತ್ತಾರು ತರಕಾರಿ ಮಡಿ. ಮಡಿಗಳೆಲ್ಲ ಸೊಂಟದೆತ್ತರಕ್ಕಿವೆ: ಒಡೆದ ಸ್ನಾನದ ತೊಟ್ಟಿ, ತೂತಾದ ದೋಣಿ, ಮೇಜಿನ ಮೇಲಿಟ್ಟ ಪೆಟ್ಟಿಗೆ. ಮಳೆ ನೀರು ನಿಂತು ಸೊಳ್ಳೆಯಾಗದಂತೆ ಎಲ್ಲಕ್ಕೂ ತಳದಲ್ಲಿ ತೂತು. ಬೆವರಿದ ಕೈಯಿಂದ ಜಾರಬಾರದೆಂದು ಕುರ್ಪಿಯ ಹಿಡಿಗೆಲ್ಲ ಹಳೇ ಬಟ್ಟೆ ಸುತ್ತಿದ್ದಾರೆ. ಎಂಟು ಗಂಟೆಗೆ ಎಲ್ಲರೂ ನೆರಳಿಗೆ ಹೋಗಬೇಕು, ಸಂಜೆ ನಾಲ್ಕೂವರೆಯ ತನಕ ಯಾರೂ ಬಿಸಿಲಿಗೆ ಕಾಲಿಡುವಂತಿಲ್ಲ. ಇದು ಅಪ್ಪಣೆ.

ಈ ಹಟ ಎಲ್ಲಿಂದ ಬಂತು ಎಂದು ಕೇಳಿದೆ. ಉನೈಸಿ ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತೆರಡು ವರ್ಷ ಕಡಲಂಚಿನ ಹೋಟೆಲಿನಲ್ಲಿ ಹೂದೋಟ ನೋಡಿಕೊಂಡು ಮಂಡಿ ಸವೆಸಿಕೊಂಡವರು ಅವರು. ಊರಿಗೆ ಮರಳಿದಾಗ ತಾಯಿ ಸೊಂಟ ಮುರಿದು ಕೂತಿದ್ದರು. "ಬಗ್ಗಬೇಡ, ಏಳಬೇಡ ಅಂತ ಎಲ್ಲಾರೂ ಪ್ರೀತಿಯಿಂದ ಹೇಳಿದ್ವಿ. ಅಮ್ಮನ ಕೈ ಸುಮ್ನಾಯ್ತು. ಆರು ತಿಂಗಳಿಗೆ ಬಾಯೂ ಸುಮ್ನಾಯ್ತು. ಆಗ ನಂಗೆ ಬುದ್ಧಿ ಇರಲಿಲ್ಲ, ಈಗ ಇದೆ." ಎರಡು ವರ್ಷದ ಹಿಂದೆ ಚಂಡಮಾರುತ ಹದಿನೇಳು ಮಡಿಗಳನ್ನು ಹೊತ್ತೊಯ್ದಾಗ, ಮೂರನೇ ದಿನವೇ ಅವರು ಕೆಸರಿನಿಂದ ತೊಟ್ಟಿಗಳನ್ನು ಎಳೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ನನಗಾದರೆ ಒಂದು ವಾರ ಅತ್ತು ಮುಗಿಯುತ್ತಿರಲಿಲ್ಲ.

ಆದರೆ ಈ ವರ್ಷ ಅವರ ಮಾನ ನೇತಾಡುತ್ತಿರುವುದು ಅಪಿಸಾಯಿ ಅವರ ಅಂಗಳದ ಒಂದು ಚೀಲಕ್ಕೆ.

ಎಪ್ಪತ್ತೊಂಬತ್ತರ ಅಪಿಸಾಯಿ ಹೆಗ್ಗೆಣಸಿನ ಬೇಸಾಯದಲ್ಲಿ ಹೆಸರು ಮಾಡಿದವರು. ಹೊಸ ಬೆಳೆಯ ಮೊದಲ ಗೆಣಸನ್ನು ಚರ್ಚಿಗೆ ಒಪ್ಪಿಸುವ ದಿನ, ಐವತ್ತು ವರ್ಷ ಅವರ ಗೆಣಸು ತಪ್ಪಿಲ್ಲ. ಒಪ್ಪಿಸುವ ಗೆಣಸು ಇಡಿಯಾಗಿರಬೇಕು, ಅಗೆಯುವಾಗ ಗೀರು ಬಿದ್ದರೆ ಅದು ಅಡುಗೆಮನೆಗೆ ಹೋಗುತ್ತದೆ. ಕಳೆದ ವರ್ಷ ಗುಡ್ಡದ ಹೊಲದಲ್ಲಿ ಬಿಸಿಲಿಗೆ ತಲೆ ಸುತ್ತಿ ಬಿದ್ದರು. ಮಗಳು ಕೆಲೆರಾ ಕೈಮುಗಿದು ಬೇಡಿಕೊಂಡರೂ ಕೇಳಲಿಲ್ಲ. ವಾರ ಕಳೆದಿರಲಿಲ್ಲ, ತಮ್ಮ ದೊಕೊ, ಅಂದರೆ ಅಗೆಯುವ ಮರದ ಕೋಲು, ಹೆಗಲಿಗಿಟ್ಟು ಮತ್ತೆ ಗುಡ್ಡಕ್ಕೆ ಹೊರಟರು. ಹಿರಿಯರ ಕೈಯಿಂದ ಕೋಲು ಕಸಿಯುವವರು ಯಾರು?

ಕಸಿದವರು ಉನೈಸಿ. ಅವರ ತವರಿನ ದ್ವೀಪಕ್ಕೂ ಅಪಿಸಾಯಿ ಅವರ ಊರಿಗೂ ತೌವು ಸಂಬಂಧ. ತೌವುಗಳು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಹಂಗಿಸಬಹುದು, ಕೇಳದೆಯೇ ಏನನ್ನಾದರೂ ಎತ್ತಿಕೊಂಡು ಹೋಗಬಹುದು. ಕಳೆದುಕೊಂಡವರು ಸಿಟ್ಟಾಗುವಂತಿಲ್ಲ, ವಾಪಸು ಕೇಳುವಂತೆಯೂ ಇಲ್ಲ. ಹಾಡುಹಗಲೇ, ಬಸ್ ನಿಲ್ದಾಣದ ಎದುರು, ಹತ್ತಾರು ಜನ ನೋಡುತ್ತಿರುವಾಗ ಉನೈಸಿ ಆ ದೊಕೊ ಹಿಡಿದುಕೊಂಡರು.

"ಏನಯ್ಯಾ ತೌವು, ಈ ಕೋಲು ನಂಗೆ ಇಷ್ಟವಾಯ್ತು. ನಿನ್ನ ಕಾಲಿಗಿಂತ ನೆಟ್ಟಗಿದೆ."

ಜನ ಬಿದ್ದು ಬಿದ್ದು ನಕ್ಕರು. ಅಪಿಸಾಯಿ "ಕಳ್ಳಿ! ನಿಮ್ಮ ದ್ವೀಪದವರೆಲ್ಲ ಕಳ್ಳರೇ!" ಎಂದು ಬೈದು ಬರಿಗೈಯಲ್ಲಿ ಮನೆಗೆ ನಡೆದರು. ಕಸಿದು ಸುಮ್ಮನಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಉನೈಸಿ ಅದೇ ವಾರ ಮೂರು ಸಲ ಗುಡ್ಡ ಹತ್ತಿ, ಅಪಿಸಾಯಿ ಅವರದೇ ಹೊಲದ ಮಣ್ಣು ಹೊತ್ತು ತಂದರು. ದೊಡ್ಡ ಅಕ್ಕಿಚೀಲಕ್ಕೆ ತುಂಬಿ, ಇಟ್ಟಿಗೆಯ ಮೇಲೆ ನಿಲ್ಲಿಸಿ, ಬಿದಿರಿನ ಚಪ್ಪರ ಕಟ್ಟಿದರು. ಪಕ್ಕದಲ್ಲೊಂದು ಕುರ್ಚಿ.

"ಚೀಲದಲ್ಲಿ ಗೆಣಸಾ? ನಾನೇನು ಅಂಗಡಿ ಇಟ್ಟಿದೀನಾ?" ಎಂದು ಅಪಿಸಾಯಿ ಎರಡು ದಿನ ಮುಖ ತಿರುಗಿಸಿ ಕೂತರಂತೆ. ಮೂರನೇ ದಿನ ಬೀಜದ ತುಂಡು ನೆಟ್ಟರು. ಏಳು ತಿಂಗಳು ಕುರ್ಚಿಯಲ್ಲೇ ಕೂತು ಬಳ್ಳಿ ಹಬ್ಬಿಸಿದರು. ಓಣಿಯಲ್ಲಿ ಹೋಗುವ ಗಂಡಸರೆಲ್ಲ "ಚೀಲ ಬಸುರಾಯ್ತಾ ತಾತ?" ಎಂದು ಕಾಡಿದರು. ಒಳಗೆ ಗೆಣಸು ಕಟ್ಟಿದೆಯೋ ಬರೀ ಬೇರೋ, ಯಾರಿಗೂ ಗೊತ್ತಿಲ್ಲ.

ನಾಳೆ ಭಾನುವಾರ, ಗೆಣಸು ಒಪ್ಪಿಸುವ ದಿನ. ಏಳು ಗಂಟೆಗೆ ನಾವು ಅಪಿಸಾಯಿ ಅವರ ಅಂಗಳ ತಲುಪುವಾಗ ಬಳ್ಳಿ ಒಣಗಿ ಹಳದಿಯಾಗಿದೆ. ಬೇಲಿಯಾಚೆ ಜನ ಸೇರಿದ್ದಾರೆ. ಮಗಳು ಕೆಲೆರಾ ಬಾಗಿಲಲ್ಲೇ ನಿಂತಿದ್ದಾರೆ, ಹತ್ತಿರ ಬರಲು ಅವರಿಗೆ ಭಯ. "ಒಳಗೆ ಗೆಣಸು ಇಲ್ಲ ಅಂದ್ರೆ ಅಪ್ಪ ನಾಳೇನೇ ಗುಡ್ಡ ಹತ್ತಿಬಿಡ್ತಾರೆ," ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ.

ಉನೈಸಿ ತಮ್ಮ ಚಾಕು ತೆಗೆದು ಅಪಿಸಾಯಿ ಅವರ ಕೈಗಿಡುತ್ತಾರೆ. "ನಿನ್ನ ಚೀಲ, ನೀನೇ ಕೊಯ್ಯಿ."

ಮುದುಕರ ಕೈಯಲ್ಲಿ ಚಾಕು ನೇರವಾಗಿ ಇಳಿಯುತ್ತದೆ. ಚೀಲ ಬಿಚ್ಚಿಕೊಳ್ಳುತ್ತದೆ, ಮಣ್ಣು ಮೆಲ್ಲಗೆ ಕುಸಿಯುತ್ತದೆ. ನಡುವೆ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಹೆಗ್ಗೆಣಸು ಸಿಪ್ಪೆಯೂ ಸುಲಿಯದೆ ನಿಂತಿದೆ. ಅಗೆಯಲೇ ಇಲ್ಲವಲ್ಲ, ಗೀರು ಎಲ್ಲಿಂದ ಬರಬೇಕು? ಅಪಿಸಾಯಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೂಸುತ್ತಾರೆ. "ನನ್ನ ಗುಡ್ಡದ್ದೇ ವಾಸನೆ," ಎನ್ನುತ್ತಾರೆ. ನನ್ನ ಕಣ್ಣು ಒದ್ದೆಯಾಯಿತು, ಮುಚ್ಚಿಡುವುದೇನು.

ಉನೈಸಿ ಅಂಗಳದ ಮೂಲೆಗೆ ಹೋಗಿ, ಬಟ್ಟೆ ಸುತ್ತಿ ಮೊದಲೇ ತಂದಿಟ್ಟಿದ್ದ ದೊಕೊವನ್ನು ಮುಂದೆ ಹಿಡಿಯುತ್ತಾರೆ. ಅಪಿಸಾಯಿ ಅದರತ್ತ ನೋಡುವುದೂ ಇಲ್ಲ.

"ಇಟ್ಕೋ. ಚೀಲ ಕೊಯ್ಯೋಕೆ ಕೋಲು ಯಾಕೆ?" ಎಂದು ಹೇಳಿ, ಉನೈಸಿಯ ಚಾಕುವನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು, ಗೆಣಸನ್ನು ಮಗುವಿನಂತೆ ಅವುಚಿ ಒಳಗೆ ನಡೆಯುತ್ತಾರೆ. ಬೇಲಿಯಾಚೆಯ ಜನ ಕೇಕೆ ಹಾಕುತ್ತಾರೆ.

ಹತ್ತು ವರ್ಷದ ಚಾಕು ತೌವಿನ ಪಾಲಾಯಿತು. ಕೇಳುವಂತಿಲ್ಲ. ಉನೈಸಿ ಖಾಲಿ ಬಕೆಟ್ಟುಗಳನ್ನು ಎತ್ತಿಕೊಂಡು ಮುಂದಿನ ಮನೆಯ ಕಡೆ ಹೆಜ್ಜೆ ಹಾಕುತ್ತಾರೆ. ಎಂಟಾಗುವುದರೊಳಗೆ ಇನ್ನೂ ನಾಲ್ಕು ಅಂಗಳ ಮುಗಿಯಬೇಕು. ಗೇಟಿನ ಬಳಿ ನಿಂತು ತಿರುಗಿ ನೋಡಿ, ನನಗೆ ಮಾತ್ರ ಕೇಳುವಂತೆ ಹೇಳುತ್ತಾರೆ:

"ಮುಂದಿನ ವರ್ಷಕ್ಕೆ ಎರಡು ಚೀಲದ ಮಣ್ಣು ತರಬೇಕು. ಇನ್ನೊಂದು ನಂಗೆ. ನನ್ನ ಮಂಡೀನೂ ಮುದುಕಿ ಆಗ್ತಾ ಇದೆ."