ಕುಂಕುಮಕ್ಕೂ ಮೊದಲು

ಬೆಸುಗೆ ಆರಿದ ಮೇಲೆ ರುದ್ರಪ್ಪ ಕಾಕಾ ಅದಕ್ಕೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು, ಕಿವಿ ಹಚ್ಚಿ ನಿಲ್ಲುತ್ತಿದ್ದರು. ಸದ್ದು ಮನಸ್ಸಿಗೆ ಬಂದರೆ, "ಹಚ್ಚರಿ ಕುಂಕುಮ!" ಬೈಲಹೊಂಗಲದ ಅವರ ಶೆಡ್ಡಿನಲ್ಲಿ ಕಬ್ಬಿನ ಟ್ರೇಲರ್‌ಗಳಿಗೆ ಪೂಜೆಯಾಗುತ್ತಿದ್ದದ್ದು ಈ ಅಪ್ಪಣೆ ಸಿಕ್ಕ ಮೇಲೆಯೇ. ಜಂಬವೇನು ಕಡಿಮೆಯೇ! "ಕಬ್ಬಿಣ ಹರಿದೀತು, ನನ್ನ ಬೆಸುಗಿ ಬಿಡೂದಿಲ್ಲ" ಎಂದು ಸವದತ್ತಿ, ರಾಮದುರ್ಗದಿಂದ ಬಂದವರ ಮುಂದೆಲ್ಲ ಮೀಸೆ ತಿರುವುವರು.

ಅಣ್ಣನ ಮಗಳಾದ ನನ್ನನ್ನು ಓದಿಸಿದವರೂ ಅವರೇ. ಬೆಸುಗೆ ತಪಾಸಣೆಯ ಕೆಲಸ ಹಿಡಿದ ಮೇಲೆ ಒಮ್ಮೆ ನನ್ನ ಯಂತ್ರದೊಂದಿಗೆ ಶೆಡ್ಡಿಗೆ ಹೋದೆ. ಬೆಸುಗೆಗೆ ಅಯಸ್ಕಾಂತ ಹಿಡಿದು ಮೇಲೆ ಸೆನ್ಸರ್ ಜಾರಿಸಿದರೆ, ಒಳಗೆ ಬಿರುಕಿದ್ದಲ್ಲಿ ಕಾಂತಶಕ್ತಿ ಹೊರಗೆ ಸೋರುತ್ತದೆ. ಪರದೆಯ ಗೆರೆ ಜಿಗಿಯುತ್ತದೆ. ಸಂಗೊಳ್ಳಿಯ ಶಂಕ್ರವ್ವನ ಹೊಸ ಟ್ರೇಲರ್‌ಗೆ ಆಗಷ್ಟೇ ಪೂಜೆ ಮುಗಿದಿತ್ತು.

"ಹಿಡಿಯವ್ವಾ ನಿನ್ನ ಯಂತ್ರ ನನ್ನ ಕೆಲಸಕ್ಕ. ಎಲ್ಲಾರೂ ನೋಡ್ಲಿ" ಎಂದರು ಕಾಕಾ.

ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಯ ಬುಡದಲ್ಲಿ ಗೆರೆ ಜಿಗಿಯಿತು. ಮತ್ತೆ ಹಿಡಿದೆ, ಅಲ್ಲೇ ಜಿಗಿಯಿತು. ಅವರು ಇಡೀ ಜನ್ಮ ಕಾಪಾಡಿಕೊಂಡ ಹೆಸರು ನನ್ನ ಒಂದು ಮಾತಿಗೆ ಹೋಗುವುದಿತ್ತು.

"ಕಾಕಾ, ಒಳಗ ಬಿರುಕು ಐತ್ರಿ."

ಶಂಕ್ರವ್ವ ಗಾಬರಿಯಾದರು. "ಪೂಜಿ ಆದ ಗಾಡಿಗೆ ಗ್ರೈಂಡರ್ ಹಚ್ಚಬ್ಯಾಡ್ರಿ ಅಣ್ಣಾರ, ಅಪಶಕುನ. ನಿಮ್ಮ ಕೈಯಾಗಿನ ಕೆಲಸ, ಏನೂ ಆಗೂದಿಲ್ಲ."

ಕಾಕಾ ಸುತ್ತಿಗೆ ಬಡಿದು ಕೇಳಿದರು. ಸದ್ದು ಚೆನ್ನಾಗಿಯೇ ಇತ್ತು. ನನ್ನ ಮುಖ ನೋಡಿ, ಶಂಕ್ರವ್ವನತ್ತ ತಿರುಗಿದರು.

"ಗಾಡಿ ಹಿಂದ ಸಾಲಿ ಹುಡುಗ್ರು ಕಬ್ಬು ಜಗ್ಗಕೋತ ಓಡ್ತಾವು ತಂಗಿ. ಕೊಂಡಿ ಹರದ್ರ ಕುಂಕುಮ ಕಾಯ್ತೈತೇನು?" ಎಂದು ತಾವೇ ಗ್ರೈಂಡರ್ ಎತ್ತಿದರು. ಕಿಡಿಯ ಜೊತೆ ಕುಂಕುಮವೂ ಹಾರಿತು. ಒಳಗೆ ಕೂದಲೆಳೆಯಂಥ ಬಿರುಕು. ನಾನು ತಲೆ ತಗ್ಗಿಸಿದರೆ, ಈ ಮನುಷ್ಯ ಎದೆ ಉಬ್ಬಿಸಿ ಕೂಗಿದ್ದೇನು? "ನೋಡ್ರೆಪಾ! ರುದ್ರಪ್ಪನ ತಪ್ಪು ಹಿಡಿಯಾಕ ರುದ್ರಪ್ಪನ ಮನಿ ಮಗಳ ಬರಬೇಕಾತು!" ಅಬ್ಬಾ, ಅಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ಬಿರುಕು ತೆಗೆದು ಹೊಸದಾಗಿ ಬೆಸೆದರು. ನಾನು ಮತ್ತೆ ನೋಡಿ ಸರಿ ಎಂದ ಮೇಲೆಯೇ ಶಂಕ್ರವ್ವನ ಕೈಗೆ ಕುಂಕುಮ ಕೊಟ್ಟರು. ಅಂದಿನಿಂದ ಶೆಡ್ಡಿನಲ್ಲಿ ಅದೇ ಪದ್ಧತಿ.

ಕಾಕಾ ತೀರಿಹೋದ ಮೇಲೆ ಇದು ಮೊದಲ ಕಬ್ಬಿನ ಹಂಗಾಮು. ಅವರು ಕೊನೆಗೆ ಬೆಸೆದದ್ದು ಶಂಕ್ರವ್ವನದೇ ಎರಡನೆಯ ಟ್ರೇಲರ್. ಮೊನ್ನೆ ಶೆಡ್ಡಿಗೆ ಹೋದಾಗ ಆಕೆ ತಾಟಿನಲ್ಲಿ ಕುಂಕುಮ ಹಿಡಿದು ಕಾಯುತ್ತ ನಿಂತಿದ್ದರು. ಕೊಂಡಿಯ ಮೇಲೆ ಸೆನ್ಸರ್ ಜಾರಿಸಿದೆ. ಗೆರೆ ಅಲುಗಲಿಲ್ಲ. ಆದರೂ ಕಾಕಾ ಅವರ ಸುತ್ತಿಗೆ ಎತ್ತಿ ಒಂದು ಪೆಟ್ಟು ಕೊಟ್ಟೆ, ಕಿವಿ ಹಚ್ಚಿ ನಿಂತೆ. ಆಮೇಲೆ ಅವರದೇ ಗತ್ತಿನಲ್ಲಿ ಕೂಗಿದೆ:

"ಹಚ್ಚರಿ ಕುಂಕುಮ!"